ಅಂಗೈಯಗಲ ಬೂದಿ

"ಗುರುಗಳೇ, ಗ್ರಂಥವೆಲ್ಲ ತಲೆಯಲ್ಲಿರುವಾಗ ಅದನ್ನು ಮರಳಿನ ಮೇಲೆ ಗೆರೆ ಎಳೆದು ಯಾಕೆ ತೋರಿಸಬೇಕು?" ಎಂದು ಗಿರಿಮಲ್ಲ ಕೇಳಿದ. ಮರುದಿನ ಅವನು ವಿದ್ವಾಂಸರ ಸಭೆಯಲ್ಲಿ ಪರೀಕ್ಷೆಗೆ ಕೂರಬೇಕಿತ್ತು. ಯಾವ ಮಾತು ಯಾವುದಕ್ಕೆ ಸೇರುತ್ತದೆಂದು ಚಿತ್ರ ಬರೆಯುವುದು ಎಳೆಯರ ಆಟವೆಂದೇ ಅವನ ಎಣಿಕೆ. ಗುರುಗಳು ನಕ್ಕು, ಅದಿರಲಿ, ಮೊದಲು ಇದನ್ನು ಕೇಳು ಎಂದರು.

ಒಬ್ಬ ಜೇನು ಕೀಳುವವನಿದ್ದ. ಸೌದೆಗೆಂದು ಬೆಳಿಗ್ಗೆ ಕಾಡಿಗೆ ಹೋದ ಅವನ ಮಗಳು ಮಧ್ಯಾಹ್ನ ದಾಟಿದರೂ ಬರಲಿಲ್ಲ. ಚಿರತೆ ಓಡಾಡುವ ಕಾಡು. ಕತ್ತಲಾದರೆ ಮುಗಿಯಿತು. ಅವನು ಹುಡುಕಲು ಓಡಿದ. ನೆರೆಮನೆಯವನೂ ಓಡಿದ, ಅವನದೂ ಜೇನಿನದೇ ಕಸುಬು. ಆ ಊರಲ್ಲಿ ಒಂದು ಕಟ್ಟಳೆ. ಕಾಡಿನಲ್ಲಿ ಒಬ್ಬೊಬ್ಬರಿಗೆ ಒಂದೊಂದು ಪಾಲು. ಇನ್ನೊಬ್ಬನ ಪಾಲಿಗೆ ಕಾಲಿಟ್ಟರೆ ಅದು ಕಳ್ಳತನ. ಕಟ್ಟಳೆ ಮುರಿಯುವ ಜನವಲ್ಲ ಅವರು. ತಂತಮ್ಮ ಪಾಲನ್ನು ಒಂದು ಪೊದೆ ಬಿಡದೆ ಜಾಲಾಡಿದರು. ಹುಡುಗಿ ಸಿಗಲಿಲ್ಲ.

ಹೊತ್ತು ಇಳಿಯಿತು. ಅಂಗಳದಲ್ಲಿ ಜಗಳ ಹತ್ತಿತು. ನೀನು ಸರಿಯಾಗಿ ನೋಡಿಲ್ಲ ಎಂದ ತಂದೆ. ಎಲ್ಲಿದ್ದರೂ ಜೇನು ನಿನ್ನ ಮೂಗಿಗೆ ಬಡಿಯುತ್ತದೆ, ಹೆತ್ತ ಮಗಳು ಮಾತ್ರ ಕಣ್ಣಿಗೆ ಬೀಳುವುದಿಲ್ಲವೇ ಎಂದು ನೆರೆಯವನು ಹಂಗಿಸಿದ. ತಂದೆಯ ಕೈ ಸೊಂಟದ ಕತ್ತಿಗೆ ಹೋಯಿತು.

ಆಗ ಹುಡುಗಿಯ ತಾಯಿ ಒಲೆಯ ಬೂದಿಯನ್ನು ಮೊರದಲ್ಲಿ ತಂದು ಇಬ್ಬರ ನಡುವೆ ಹರಡಿದಳು.

"ಬಾಯಿ ಸಾಕು. ಕಾಲಿಟ್ಟ ಕಡೆಯೆಲ್ಲ ಗೆರೆ ಎಳೆಯಿರಿ."

ತಂದೆ ಬಂಡೆ ಬರೆದ, ಹಳ್ಳ ಬರೆದ, ತಾನು ಅಲೆದಲ್ಲೆಲ್ಲ ಬೆರಳಾಡಿಸಿದ. ಬೆರಳು ಬಂಡೆಯ ಬುಡದಲ್ಲಿ ನಿಂತಿತು. ಎದುರಿನಿಂದ ಬಂದ ನೆರೆಯವನ ಬೆರಳು ಹಳ್ಳದ ದಂಡೆಯಲ್ಲೇ ನಿಂತಿತು. ನಡುವೆ ಅಂಗೈಯಗಲ ಬೂದಿ ಯಾರ ಬೆರಳೂ ತಾಗದೆ ಉಳಿಯಿತು.

"ಅದು ನಿನ್ನ ಪಾಲಲ್ಲವೇ ಮಾರಾಯ?" ಎಂದ ತಂದೆ.

"ನಿನ್ನದು ಅಂದುಕೊಂಡಿದ್ದೆ."

ಇಬ್ಬರೂ ಎದ್ದು ಓಡಿದರು. ಬಂಡೆಗೂ ಹಳ್ಳಕ್ಕೂ ನಡುವಿನ ಕೊರಕಲಿನಲ್ಲಿ ಹುಡುಗಿ ಕಾಲು ಮುರಿದುಕೊಂಡು ಬಿದ್ದಿದ್ದಳು. ನೀರಿನ ಮೊರೆತದಲ್ಲಿ ಅವಳ ಸೋತ ಕೂಗು ಯಾರಿಗೂ ಮುಟ್ಟಿರಲಿಲ್ಲ. ತಂದೆ ಎತ್ತಿ ಹೆಗಲಿಗೆ ಹಾಕಿಕೊಂಡಾಗ, ನೀವು ಎರಡೂ ಕಡೆಯಿಂದ ಕರೆಯುತ್ತಿದ್ದದ್ದು ಕೇಳುತ್ತಲೇ ಇತ್ತಪ್ಪಾ ಎಂದು ಪಿಸುಗುಟ್ಟಿದಳು. ಅವನು ಬೇಗ ಬೇಗ ನಡೆದ.

ಗುರುಗಳು ಕತೆ ಮುಗಿಸಿ ಶಿಷ್ಯನ ಕಡೆ ತಿರುಗಿದರು.

"ಈಗ ಹೇಳು ಗಿರಿಮಲ್ಲ, ಅವರಿಬ್ಬರಲ್ಲಿ ಕಾಡು ಗೊತ್ತಿಲ್ಲದವನು ಯಾರು?"

ಗಿರಿಮಲ್ಲ ಮರಳನ್ನು ಅಂಗೈಯಿಂದ ಸಮ ಮಾಡಿದ. ತನ್ನ ಬೆರಳು ಎಲ್ಲಿ ನಿಲ್ಲುತ್ತದೆಂದು ನೋಡಲು ಗೆರೆ ಎಳೆಯತೊಡಗಿದ.