ಅರಿಶಿನದ ದಾರ

"ಗುರುಗಳೇ, ನಮ್ಮ ಹಿರಿಯರು ಹೊಳೆಗೆ ಕೈ ಮುಗಿದರು. ನಾವೂ ಮುಗಿಯುತ್ತೇವೆ. ಅವರು ಮಾಡುತ್ತಿದ್ದ ಪೂಜೆಯಲ್ಲಿ ಒಂದನ್ನೂ ನಾವು ಬಿಟ್ಟಿಲ್ಲ. ಆದರೂ ಹೊಳೆ ಯಾಕೆ ಹೀಗೆ ಸಾಯುತ್ತಿದೆ?"

ಕೇಳಿದ ಶಿಷ್ಯ ಮಠಕ್ಕೆ ಹೊಸಬ. ಮಾರನೆಯ ದಿನ ಹೊಳೆಪೂಜೆ. ಅವನು ಅದನ್ನು ಇನ್ನೂ ಕಂಡವನಲ್ಲ. ಪೂಜೆಗೆ ಬೇಕೆಂದು ಗುರುಗಳು ಹೇಳಿದ್ದರಿಂದ ಜಗಲಿಯ ಮೇಲೆ ಕುಳಿತು ಒಂದು ನೂಲಿನ ದಾರಕ್ಕೆ ಅರಿಶಿನ ಹಚ್ಚುತ್ತಿದ್ದ. ಯಾವುದಕ್ಕೆ ಎಂದು ಅವನು ಕೇಳಿರಲಿಲ್ಲ, ಗುರುಗಳೂ ಹೇಳಿರಲಿಲ್ಲ.

ಗುರುಗಳು ದಾರದ ಇನ್ನೊಂದು ತುದಿಯನ್ನು ಕೈಗೆ ತೆಗೆದುಕೊಂಡರು. "ಕೈ ನಿಲ್ಲಿಸಬೇಡ. ಕಿವಿ ಮಾತ್ರ ಇಲ್ಲಿ ಕೊಡು" ಎಂದು ಕತೆ ಹೇಳಿದರು.

ಒಂದು ಹೊಳೆಯ ದಡದಲ್ಲಿ ಒಬ್ಬ ಬೆಸ್ತನಿದ್ದ. ಹೆಂಡತಿ ತೀರಿಕೊಂಡಿದ್ದಳು. ಇದ್ದವಳು ಒಬ್ಬಳೇ ಮಗಳು. ದೂರದ ಊರಿಗೆ ಕೊಟ್ಟಿದ್ದ. ಎರಡು ಸಲ ಬಸಿರು ನಿಲ್ಲದೆ ಹೋಗಿತ್ತು. ಮೂರನೆಯ ಸಲ ಅವನೇ ಹೋಗಿ ಮಗಳನ್ನು ತವರಿಗೆ ಕರೆತಂದ. ಅವಳ ಮೈಯಲ್ಲಿ ರಕ್ತವಿರಲಿಲ್ಲ. ಸೂಲಗಿತ್ತಿ ಬಂದು ಕಣ್ಣಿನ ರೆಪ್ಪೆ ಎಳೆದು ನೋಡಿದಳು. "ಒಳ್ಳೆ ಮೀನಿನ ಸಾರು ಹೊಟ್ಟೆಗೆ ಬೀಳದಿದ್ರೆ ಈ ಕೂಸೂ ನಿಲ್ಲಾಕಿಲ್ಲ" ಎಂದು ಹೇಳಿ ಎದ್ದುಹೋದಳು. ಬೆಸ್ತನ ಮನೆಯಲ್ಲಿ ಮೀನಿನ ಸಾರಿಗೆ ಬರವೇ ಎಂದು ನೀನು ನಗಬಹುದು. ಬರವಿತ್ತು. ಅದು ಹೇಗೆ ಬಂತು ಎಂಬುದನ್ನು ಮೊದಲು ಹೇಳಬೇಕು.

ಮುಂಗಾರಿನ ಮೊದಲ ನೀರು ಕೆಂಪಾಗಿ ಬರುತ್ತದೆ. ಆ ನೀರಿಗೆ ಎದುರಾಗಿ ಮೀನುಗಳು ಮೇಲೇರುತ್ತವೆ. ಅವುಗಳ ಹೊಟ್ಟೆ ತುಂಬ ಮೊಟ್ಟೆ. ದಡ ಮೀರಿ ಹರಡಿದ ನೀರಿನಲ್ಲಿ, ಹುಲ್ಲಿನ ಸಂದಿಯಲ್ಲಿ ಮೊಟ್ಟೆಯಿಟ್ಟು ಇಳಿದುಹೋಗುತ್ತವೆ. ಬೆಸ್ತನ ಕೇರಿಯವರು ಅವನ್ನು ತವರಿಗೆ ಬಂದ ಹೆಣ್ಣುಮಕ್ಕಳು ಎನ್ನುತ್ತಿದ್ದರು. ತವರಿಗೆ ಬಂದ ಬಸುರಿಯ ಮೇಲೆ ಯಾರಾದರೂ ಕೈ ಮಾಡುತ್ತಾರೆಯೇ? ನೀರು ತಿಳಿಯಾಗುವ ತನಕ ಕೇರಿಯ ಬಲೆಗಳೆಲ್ಲ ಜಂತೆಗೆ ತೂಗುಬಿದ್ದಿರುತ್ತಿದ್ದವು. ಜನ ಗಂಜಿ ಕುಡಿದು ಕಾಯುತ್ತಿದ್ದರು. ನೀರು ತಿಳಿಯಾದ ದಿನ, ಮೊಟ್ಟೆಯಿಟ್ಟು ಇಳಿಯುವ ಒಂದು ಮೀನನ್ನು ಕೇರಿಯ ಬಸುರಿಯೊಬ್ಬಳು ಕೈಯಲ್ಲಿ ಹಿಡಿದು, ಕುಂಕುಮವಿಟ್ಟು, ಬಾಲದ ಬುಡಕ್ಕೆ ಅರಿಶಿನದ ದಾರ ಕಟ್ಟಿ ಬಿಡುತ್ತಿದ್ದಳು. ಬಾಣಂತನ ಮುಗಿಸಿದ ಮಗಳನ್ನು ಗಂಡನ ಮನೆಗೆ ಕಳಿಸಿಕೊಟ್ಟ ಹಾಗೆ. ಆಮೇಲೆ ಬಲೆ ಇಳಿಯುತ್ತಿತ್ತು.

ಇದು ಬೆಸ್ತನ ಅಜ್ಜನ ಕಾಲದ ಮಾತು. ಅಪ್ಪನ ಕಾಲಕ್ಕೆ ಪೇಟೆಯವರ ನಾಲಿಗೆಗೆ ಮೊಟ್ಟೆಮೀನಿನ ರುಚಿ ಹತ್ತಿತು. ಕೇರಿಗೆ ಕಾಯುವುದು ಕಷ್ಟವಾಯಿತು. ಆದರೆ ಶಾಸ್ತ್ರ ಬಿಡಲು ಯಾರಿಗೂ ಧೈರ್ಯವಿಲ್ಲ. ಆಗ ಕೇರಿಯ ಯಜಮಾನನಿಗೆ ಒಂದು ಉಪಾಯ ಹೊಳೆಯಿತು. ಕೊನೆಯಲ್ಲಿ ಮಾಡುವ ಪೂಜೆಯನ್ನು ಮೊದಲೇ ಮಾಡಿ ಮುಗಿಸಿದರೆ ಯಾರ ಗಂಟು ಹೋಗುತ್ತದೆ? ಹೊಳೆಗೆ ಸಲ್ಲಬೇಕಾದದ್ದು ಸಲ್ಲುತ್ತದೆ, ನಮ್ಮ ಬಲೆಯೂ ಇಳಿಯುತ್ತದೆ. ಎಲ್ಲರೂ ತಲೆದೂಗಿದರು. ಪೂಜೆ ಕೆಂಪು ನೀರಿನ ಮೊದಲ ದಿನಕ್ಕೆ ಬಂತು. ಹೆತ್ತು ಹೋಗುವವಳಿಗೆ ಕಟ್ಟುತ್ತಿದ್ದ ದಾರವನ್ನು ಬಸುರಿ ಮೀನಿಗೇ ಕಟ್ಟತೊಡಗಿದರು. ಎಂಥ ಜಾಣತನ ನೋಡು. ಕಾಯುವುದು ಹೋಯಿತು, ದಾರ ಉಳಿಯಿತು.

ಬೆಸ್ತನ ಕಾಲಕ್ಕೆ ದಡದ ಹುಲ್ಲುಗಾವಲನ್ನು ರೈತರು ಉತ್ತು ಗದ್ದೆ ಮಾಡಿದ್ದರು. ಮೇಲೇರಿದ ಮೀನಿಗೆ ಮೊಟ್ಟೆಯಿಡಲು ಜಾಗ ಕಡಿಮೆ, ಏರುವ ದಾರಿಯ ತುಂಬ ಬಲೆ. ವರ್ಷದಿಂದ ವರ್ಷಕ್ಕೆ ಮೀನು ಇಳಿಮುಖವಾಯಿತು. ಪೂಜೆಯಲ್ಲಿ ಏನೋ ಊನವಾಗಿರಬೇಕು ಎಂದುಕೊಂಡರು. ಒಂದು ಕಾಯಿ ಒಡೆಯುವ ಕಡೆ ಬುಟ್ಟಿ ತುಂಬ ಕಾಯಿ ಒಡೆದರು. ವಾಲಗ ತರಿಸಿದರು. ಮೀನು ಕಡಿಮೆಯಾದಷ್ಟೂ ಪೂಜೆ ಜೋರಾಯಿತು.

ಬೆಸ್ತ ಕೆಟ್ಟವನಲ್ಲ. ಇದನ್ನು ಮರೆಯಬೇಡ.

ಮಗಳನ್ನು ಕರೆತಂದ ವರ್ಷ ಕೆಂಪು ನೀರು ತಡವಾಗಿ ಬಂತು. ಕೇರಿಗೆ ಕೇರಿಯೇ ದಡದಲ್ಲಿ ನಿಂತು ಕಾಯಿತು. ಕೊನೆಗೆ ಒಂದು ಮೀನು ಬಂತು. ಅದರ ಹಿಂದೆ ಇನ್ನೊಂದು ಬರಲಿಲ್ಲ. ಅದನ್ನು ಬುಟ್ಟಿಯಲ್ಲಿ ಹಿಡಿದರು. ಹೊಟ್ಟೆ ಭಾರವಾಗಿ ಅದಕ್ಕೆ ಸರಿಯಾಗಿ ಒದ್ದಾಡಲೂ ಆಗುತ್ತಿರಲಿಲ್ಲ. ಆ ವರ್ಷ ಕೇರಿಯಲ್ಲಿದ್ದ ಬಸುರಿ ಬೆಸ್ತನ ಮಗಳು ಒಬ್ಬಳೇ. ಮೊಣಕಾಲುದ್ದ ನೀರಿನಲ್ಲಿ ನಿಂತು ಅವಳು ದಾರ ಕಟ್ಟಿದಳು. ಶಾಸ್ತ್ರದಲ್ಲಿಲ್ಲದ ಮಾತೊಂದನ್ನು ಮೀನಿಗೆ ಹೇಳಿದಳು. "ಹೋಗಿ ಬಾ ತಂಗಿ. ನಿನ್ನ ಹೊಟ್ಟೇನೂ ತಣ್ಣಗಿರಲಿ, ನನ್ನದೂ ತಣ್ಣಗಿರಲಿ." ಕೈ ಬಿಟ್ಟಳು. ವಾಲಗ ಊದಿದರು. ದಡದಲ್ಲಿದ್ದ ಹೆಂಗಸರೆಲ್ಲ ಕಣ್ಣೊರೆಸಿಕೊಂಡರು. ಬೆಸ್ತನೂ ಅತ್ತ.

ವಾಲಗದವರು ಇನ್ನೂ ದಡ ಹತ್ತಿರಲಿಲ್ಲ, ಮೇಲಿನ ತಿರುವಿನಲ್ಲಿ ಬೆಸ್ತ ಬೆಳಿಗ್ಗೆಯೇ ಕಟ್ಟಿದ್ದ ಬಲೆ ಜಗ್ಗಿತು. ಹೋಗಿ ಎತ್ತಿ ನೋಡಿದ. ಬಾಲದಲ್ಲಿ ಅರಿಶಿನದ ದಾರ.

ಮೀನು ಅವನ ಎರಡು ಕೈಗಳ ನಡುವೆ ಬಾಯಿ ತೆರೆದು ಮುಚ್ಚುತ್ತಿತ್ತು. ಬಿಟ್ಟುಬಿಡಬೇಕೆಂದು ಬಗ್ಗಿದ. ಬಗ್ಗಿದವನಿಗೆ ಮುಂದಿನ ತಿರುವು ಕಂಡಿತು. ಅಲ್ಲಿ ಪಕ್ಕದ ಮನೆಯವನ ಬಲೆಯಿತ್ತು. ಅದರಾಚೆ ಇನ್ನೊಬ್ಬನದು. ತಾನು ಬಿಟ್ಟರೆ ಅವರು ಬಿಡುತ್ತಾರೆಯೇ? ಹೇಗೂ ಸಾಯುವ ಮೀನು, ಬೇರೆಯವರ ಪಾಲಾಗುವ ಬದಲು ತನ್ನ ಮಗಳ ಹೊಟ್ಟೆಗೆ ಬೀಳಲಿ ಎಂದುಕೊಂಡ. ರೆಪ್ಪೆ ಎಳೆದಾಗ ಬೆಳ್ಳಗೆ ಕಂಡ ಅವಳ ಕಣ್ಣು ನೆನಪಾಯಿತು. ಟವಲಿನಲ್ಲಿ ಸುತ್ತಿಕೊಂಡು ಮನೆಗೆ ಬಂದ. ದಾರ ಕಿತ್ತು ಒಲೆಗೆ ಹಾಕಿ, ತಾನೇ ಸಾರು ಮಾಡಿದ.

ಬಿಗಿಯಾಗಿ ಕಟ್ಟಿದ್ದ ದಾರ ಪೂರ್ತಿ ಕಿತ್ತುಬಂದಿರಲಿಲ್ಲ. ಊಟಕ್ಕೆ ಕುಳಿತ ಮಗಳಿಗೆ ತಟ್ಟೆಯಲ್ಲಿ ಹಳದಿಯ ಒಂದು ಎಳೆ ಸಿಕ್ಕಿತು.

"ಅಪ್ಪಯ್ಯಾ, ಇದು ನಾನು ಕಳಿಸಿಕೊಟ್ಟಿದ್ದಲ್ವಾ?"

"ಕಳಿಸಿಕೊಟ್ಟಿದ್ದು ಕೊಟ್ಟಾಯ್ತಲ್ಲ ಮಗಾ. ಆಮೇಲೆ ಬಲೆಗೆ ಬಿದ್ದಿದ್ದು ಬೇರೆ ಲೆಕ್ಕ. ಶಾಸ್ತ್ರ ಒಂದೂ ತಪ್ಪಿಲ್ಲ. ಉಣ್ಣು."

ಅವಳು ತನ್ನ ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡಳು. ಆಮೇಲೆ ಉಂಡಳು. ಏನು ಮಾಡಿಯಾಳು?

ಬಸಿರು ನಿಂತಿತು. ದುಂಡುದುಂಡಗಿನ ಹೆಣ್ಣು ಮಗು ಹುಟ್ಟಿತು. ಅಜ್ಜನಾದ ಬೆಸ್ತ ಕೇರಿಗೆಲ್ಲ ಬೆಲ್ಲ ಹಂಚಿದ.

ಮುಂದಿನ ವರ್ಷ ಕೆಂಪು ನೀರು ಬಂತು, ಮೀನು ಬರಲಿಲ್ಲ. ನೀರು ಇಳಿದ ಮೇಲೆ ದಡದ ತಗ್ಗುಗಳಲ್ಲಿ ಎಂದಿನಂತೆ ನೀರು ನಿಂತಿತು. ಆ ನೀರಿನಲ್ಲಿ ಪ್ರತಿ ವರ್ಷ ಮರಿಮೀನುಗಳು ಸೊಳ್ಳೆಯ ಹುಳುಗಳನ್ನು ತಿಂದು ಬೆಳೆಯುತ್ತಿದ್ದವು. ಈ ಸಲ ತಿನ್ನುವವರು ಇರಲಿಲ್ಲ. ಸೊಳ್ಳೆ ಹೊಗೆಯಂತೆ ಎದ್ದಿತು. ಕೇರಿಗೆ ಚಳಿಜ್ವರ ಹೊಕ್ಕಿತು. ತಾಯಿಯ ಜೊತೆ ಇನ್ನೂ ಅಜ್ಜನ ಮನೆಯಲ್ಲೇ ಇದ್ದು, ಗೋಡೆ ಹಿಡಿದು ಹೆಜ್ಜೆಯಿಡಲು ಕಲಿಯುತ್ತಿದ್ದ ಮಗು ಅದರಲ್ಲಿ ಹೋಯಿತು. ಹೊಳೆಯ ದಡದಲ್ಲಿ ಬೆಸ್ತ ತಾನೇ ಗುಂಡಿ ತೋಡಿದ. ತೋಡುತ್ತಿದ್ದಾಗ ಪಕ್ಕದ ತಗ್ಗಿನ ನೀರಿನಲ್ಲಿ ಹುಳುಗಳು ಮಿಜಿಮಿಜಿ ಎನ್ನುವುದನ್ನು ಕಂಡ. ಆಗ ಅವನಿಗೆ ಎಲ್ಲವೂ ತಿಳಿಯಿತು. ತಿಳಿದು ಏನು ಬಂತು? ಮಗಳು ಗಂಡನ ಮನೆಗೆ ಹೋದಳು. ಮತ್ತೆ ತವರಿಗೆ ಬರಲಿಲ್ಲ.

ಕೇರಿಯವರು ಮಾತ್ರ ಪೂಜೆ ಬಿಡಲಿಲ್ಲ. ದಾರ ಕಟ್ಟಲು ಮೀನಿಲ್ಲವಲ್ಲ, ಬಡಗಿಗೆ ಹೇಳಿ ಒಂದು ಮರದ ಮೀನು ಮಾಡಿಸಿದರು. ಅದು ತೇಲಿ ಹೋಗಿಬಿಟ್ಟರೆ ಮುಂದಿನ ವರ್ಷಕ್ಕೆ ಏನು ಗತಿ ಎಂದು ಬಾಲದ ದಾರವನ್ನು ಉದ್ದ ಮಾಡಿದರು. ದಡದಿಂದ ನೀರಿಗೆ ಬಿಟ್ಟು, ಕೈ ಮುಗಿದು, ಮೆಲ್ಲಗೆ ಎಳೆದುಕೊಳ್ಳುತ್ತಿದ್ದರು. ಒರೆಸಿ, ಬಟ್ಟೆಯಲ್ಲಿ ಸುತ್ತಿ ಪೆಟ್ಟಿಗೆಯಲ್ಲಿಡುತ್ತಿದ್ದರು. ಮುಂದಿನ ವರ್ಷದ ಯೋಚನೆ ಆ ಕೇರಿಗೆ ಬಂದದ್ದು ಅದೇ ಮೊದಲು. ಆಮೇಲೆ ಹೊಟ್ಟೆಪಾಡಿಗೆ ಒಬ್ಬೊಬ್ಬರೇ ಊರು ಬಿಟ್ಟರು. ಪೂಜೆ ನಿಲ್ಲಬಾರದೆಂದು ಪೆಟ್ಟಿಗೆಯನ್ನು ಶಾಸ್ತ್ರ ತಿಳಿದವರ ಕೈಗೆ ಒಪ್ಪಿಸಿ ಹೋದರು.

ಗುರುಗಳು ಕತೆ ನಿಲ್ಲಿಸಿದರು. ಶಿಷ್ಯನ ಕೈ ಯಾವಾಗಲೋ ನಿಂತಿತ್ತು.

"ಆ ಪೂಜೆ ಈಗಲೂ ನಡೆಯುತ್ತಿದೆಯೇ, ಗುರುಗಳೇ?"

ಗುರುಗಳು ಅವನ ಮಡಿಲಿನಿಂದ ದಾರವನ್ನು ಎಳೆದುಕೊಂಡು, ಎರಡೂ ತೋಳು ಚಾಚಿ ಮಾರು ಹಾಕಿ ಅಳೆದರು.

"ಇದಕ್ಕೆ ಇನ್ನೊಂದು ಮಾರು ಸೇರಿಸು, ಈ ವರ್ಷ ನೀರು ಬಹಳ ಕೆಳಗಿದೆ."