ಆಳಿಲ್ಲದೆ ಓಡಿದ ಕಾರು

ಹೊಳೆಯ ದಂಡೆಯ ಮೇಲೆ ಒಂದು ಹೆಂಚಿನ ಕೊಟ್ಟಿಗೆ. ಅದರ ಮುಂದೆ ಗದ್ದೆಬಯಲು. ಕೊಯ್ಲು ಮುಗಿದು ಗದ್ದೆ ಒಣಗಿತೆಂದರೆ ಆ ಬಯಲಿನಲ್ಲಿ ಕಾರುಗಳ ಓಟ ಶುರುವಾಗುತ್ತಿತ್ತು.

ಓಡಿಸುವವರು ಅದರಿಂದಲೇ ಹೊಟ್ಟೆ ಹೊರೆಯುವವರಲ್ಲ. ಅಂಗಡಿಯವರು, ಮೇಷ್ಟರು, ತೋಟ ಮಾಡುವವರು. ವಾರವೆಲ್ಲ ದುಡಿದು ಭಾನುವಾರ ಬೆಳಿಗ್ಗೆ ಆಸೆ ತೀರಿಸಿಕೊಳ್ಳಲು ಬರುವವರು.

ಅವರಿಗೆ ಕಲಿಸುತ್ತಿದ್ದವರು ಉತ್ತಯ್ಯ. ಹರೆಯದಲ್ಲಿ ದೊಡ್ಡ ದೊಡ್ಡ ಓಟಗಳಲ್ಲಿ ಕಾರು ಓಡಿಸಿ ಹೆಸರಾದವರು. ಈಗ ಮುದುಕರು. ಕೊಟ್ಟಿಗೆಯಲ್ಲಿ ದೇವರ ದೀಪ ಹಚ್ಚುವ ತನಕ ಯಾರ ಇಂಜಿನ್ನೂ ಸದ್ದು ಮಾಡುವಂತಿರಲಿಲ್ಲ. ಚಪ್ಪಲಿ ಹೊರಗೆ ಬಿಡಬೇಕು, ನೆಲದ ಮೇಲೆ ಕೂರಬೇಕು. ಅದಕ್ಕೇ ಜನ ತಮಾಷೆಗೆ ಆಶ್ರಮ ಎಂದರು. ಆ ಹೆಸರೇ ನಿಂತುಬಿಟ್ಟಿತು.

ಒಂದು ಬೆಳಿಗ್ಗೆ ಅಲ್ಲಿಗೆ ಪರಶಿವ ಬಂದ. ಪೇಟೆಯಲ್ಲಿ ಪಾತ್ರೆ ಅಂಗಡಿ ಇಟ್ಟವನು. ಕಿವಿಯ ಪಕ್ಕ ಕೂದಲು ನರೆಯತೊಡಗಿತ್ತು. ಚಿಕ್ಕಂದಿನಲ್ಲಿ ಅಪ್ಪನ ಹೆಗಲ ಮೇಲೆ ಕೂತು ಒಮ್ಮೆ ಕಾರಿನ ಓಟ ನೋಡಿದ್ದ. ಆ ಸದ್ದು ಅಂದಿನಿಂದ ಅವನ ಎದೆಯಲ್ಲೇ ಇತ್ತು.

“ಗುರುಗಳೇ, ಈ ವಯಸ್ಸಿನಲ್ಲಿ ಶುರು ಮಾಡಬಹುದೇ?”

“ಕಾರು ತಂದಿದ್ದೀಯಾ?”

“ಮನೆಯ ಕಾರೇ. ಹಳೆಯದು.”

“ಹಳೆಯದೇ ಸಾಕು. ಒಳಗೆ ಸಡಿಲವಾಗಿರುವುದನ್ನೆಲ್ಲ ಈಚೆ ತೆಗೆ. ತಿರುವಿನಲ್ಲಿ ಒಂದು ಲೋಟ ಉರುಳಿ ಬ್ರೇಕಿನ ಅಡಿಗೆ ಸಿಕ್ಕಿಕೊಂಡರೂ ಮುಗಿಯಿತು.”

ಪರಶಿವ ತೆಗೆಯುತ್ತ ಹೋದ. ಒಂದು ಕೊಡೆ ಬಂತು. ಹೆಂಡತಿ ದೇವಸ್ಥಾನಕ್ಕೆ ಒಯ್ಯುವ ಚೀಲ ಬಂತು. ಮಗುವಿನ ಒಂಟಿ ಚಪ್ಪಲಿ, ಗಿರಾಕಿಗೆ ತೋರಿಸಲು ಇಟ್ಟ ಸ್ಟೀಲಿನ ಡಬ್ಬಿಗಳು, ಒಂದು ಸೌಟು.

“ಅಂಗಡಿ ಇಲ್ಲೇ ತೆರೆಯುತ್ತೀಯೇನು?” ಎಂದರು ಉತ್ತಯ್ಯ. ಪರಶಿವ ನಾಚಿ ನಕ್ಕ.

ಅಂದು ಅವನಿಗೆ ಕಾರು ಮುಟ್ಟಲು ಬಿಡಲಿಲ್ಲ. ಓಟದ ದಾರಿಯನ್ನು ನಡೆದು ನೋಡಲು ಹೇಳಿದರು. ಮುಂದಿನ ವಾರ ಹೆಲ್ಮೆಟ್ಟು, ಬೆಲ್ಟು. ಅದರಾಚೆಯ ವಾರ ಮೆಲ್ಲಗೆ ಓಡಿಸುವುದು. ಆಮೇಲೆ ಒಂದು ನಿಯಮ ಹೇಳಿದರು.

“ಇಲ್ಲಿ ಅಭ್ಯಾಸದ ದಿನ ಯಾರೂ ತಾವಾಗಿ ಇನ್ನೊಬ್ಬರನ್ನು ದಾಟುವಂತಿಲ್ಲ. ಹಿಂದಿನವನು ನಿನಗಿಂತ ಚುರುಕಾಗಿದ್ದರೆ ನೀನೇ ಕಿಟಕಿಯಿಂದ ಕೈ ಹೊರಗೆ ಹಾಕಿ, ಈ ಕಡೆ ಬಾ ಎಂದು ತೋರಿಸಬೇಕು. ಸೈಡು ಕೊಡಬೇಕು. ಅವನು ಹೋಗುತ್ತಾನೆ.”

“ಅಷ್ಟೇ ತಾನೆ?”

“ಅಷ್ಟೇ,” ಎಂದರು ಉತ್ತಯ್ಯ.

ಪರಶಿವನಿಗೆ ಭಾನುವಾರ ಬಂದರೆ ಹಬ್ಬ ಬಂದಂತಾಗುತ್ತಿತ್ತು. ಅಂಗಡಿಯಲ್ಲಿ ಕೂತು ತಟ್ಟೆಯೊಂದನ್ನು ಎರಡೂ ಕೈಯಲ್ಲಿ ಹಿಡಿದು ಅತ್ತಿತ್ತ ತಿರುಗಿಸುವನು. ಗಿರಾಕಿಗಳು ಮುಖ ಮುಖ ನೋಡಿಕೊಳ್ಳುವರು.

ಹೀಗಿರುವಾಗ ಅವನ ತಮ್ಮ ಮಾದೇಶ, ಅಣ್ಣನ ಈ ಹುಚ್ಚು ಏನೆಂದು ನೋಡಲು ಬಂದ. ನೋಡಿದ. ಅವನಿಗೂ ರುಚಿ ಹತ್ತಿತು. ತಾನೂ ಒಂದು ಹಳೆಯ ಕಾರು ತಂದು ಕಲಿಯಲು ಸೇರಿದ. ಗದ್ದೆಯ ಬೇಲಿ ಹಸಿರಾಗುವ ಮೊದಲೇ ಅವನ ಕಾರು ಅಣ್ಣನ ಕಾರಿನ ಬೆನ್ನಿಗೆ ಬಂದು ನಿಂತಿತ್ತು.

ಆ ಭಾನುವಾರ ಪರಶಿವ ಕನ್ನಡಿಯಲ್ಲಿ ನೋಡಿದ. ಹಿಂದೆ ಮಾದೇಶ. ಸುತ್ತು ಮುಗಿಸಿ ನೋಡಿದ. ಮತ್ತೆ ಮಾದೇಶ. ಎಡಕ್ಕೆ ನೋಡಿದ, ಬಲಕ್ಕೆ ನೋಡಿದ. ಅಲ್ಲೇ ಇದ್ದ.

ಕೈ ಎತ್ತಬೇಕಿತ್ತು. ಎತ್ತಲಿಲ್ಲ.

ಹೊಳೆಯ ಕಡೆಯ ತಿರುವು ಬಂದದ್ದು ಪರಶಿವನಿಗೆ ತಿಳಿಯಲೇ ಇಲ್ಲ. ಅವನ ಕಾರು ನೇರ ಹೋಗಿ ಬದುವಿಗೆ ಬಡಿದು, ಗಿರಕಿ ಹೊಡೆದು ದಾರಿಗೆ ಅಡ್ಡ ನಿಂತಿತು. ಹಿಂದೆ ಬರುತ್ತಿದ್ದ ಮಾದೇಶ ಅಣ್ಣನಿಗೆ ಗುದ್ದಬಾರದೆಂದು ಒಮ್ಮೆಲೆ ಪಕ್ಕಕ್ಕೆ ಎಳೆದ. ಅವನ ಕಾರು ಕಾಲುವೆಗೆ ಮಗುಚಿತು.

ಪರಶಿವ ಓಡಿದ. ತಮ್ಮನ ಬೆಲ್ಟು ಬಿಚ್ಚಲೆಂದು ಕಾಲುವೆಗೆ ಇಳಿದ.

ಮಾದೇಶನೇ ಬಿಚ್ಚಿಕೊಂಡು ತೆವಳಿ ಬಂದ. ಮೊಣಕೈ ತರಚಿತ್ತು, ಅಷ್ಟೇ. ಬಂದವನು ಕೇಳಿದ ಮೊದಲ ಮಾತು: “ಅಣ್ಣ, ನಿನಗೇನೂ ಆಗಲಿಲ್ಲ ತಾನೆ?”

ಪರಶಿವ ಬದುವಿನ ಮೇಲೆ ಕೂತ.

ಉತ್ತಯ್ಯ ಕೋಲೂರಿಕೊಂಡು ಬಂದರು. ಬೈಯಲಿಲ್ಲ.

“ಹಿಂದಿನ ಕಾರಿನಲ್ಲಿ ಮಾದೇಶ ಇದ್ದ, ನಾನು ನೋಡಿದೆ,” ಎಂದರು. “ಮುಂದಿನ ಕಾರೂ ಬಂತು. ಅದರಲ್ಲಿ ಯಾರೂ ಇರಲಿಲ್ಲ.”

ಮುದುಕರ ಕಣ್ಣು ಮಂಜಾಗಿದೆ ಎಂದುಕೊಂಡ ಪರಶಿವ.

ಮಧ್ಯಾಹ್ನ ಎಲ್ಲರೂ ಹೋದ ಮೇಲೆ ಅವನು ಕೊಟ್ಟಿಗೆಗೆ ಬಂದು, ಕಾರಿನ ಕೀಲಿಯನ್ನು ಉತ್ತಯ್ಯನವರ ಮುಂದಿಟ್ಟ.

“ಇದನ್ನು ಮಾದೇಶನಿಗೆ ಕೊಟ್ಟುಬಿಡಿ. ನನಗೆ ಈ ಓಟ ಸಾಕು.”

“ಹೆದರಿದೆಯಾ?”

“ಹೆದರಿದೆ. ಅವನಿಗೆ ಏನಾದರೂ ಆಗಿದ್ದರೆ ಅವ್ವನಿಗೆ ಯಾವ ಮುಖ ತೋರಿಸುತ್ತಿದ್ದೆ?”

“ಸರಿ. ಕೈ ಯಾಕೆ ಎತ್ತಲಿಲ್ಲ?”

ಉತ್ತಯ್ಯ ಮಜ್ಜಿಗೆಯ ಲೋಟವನ್ನು ಅವನತ್ತ ಸರಿಸಿದರು.

“ಅಪ್ಪ ಹೋದಾಗ ಅವನು ತೊಟ್ಟಿಲಲ್ಲಿದ್ದ. ನಾನು ಸ್ಕೂಲು ಬಿಟ್ಟು ಗಲ್ಲಾದ ಮುಂದೆ ಕೂತೆ. ಅವನು ಓದಿದ. ಮನೆಯಲ್ಲಿ ಗಾಳಿ ಆಡುವ ಕೋಣೆ ಅವನಿಗೆ. ಹಬ್ಬದಲ್ಲಿ ಮೊದಲ ಹೋಳಿಗೆ ಅವನಿಗೆ. ಹುಟ್ಟಿದಾಗಿನಿಂದ ಅವನಿಗೆ ಸೈಡು ಕೊಟ್ಟುಕೊಂಡೇ ಬಂದೆ ಗುರುಗಳೇ. ಇದೊಂದು ನನ್ನದು ಅಂದುಕೊಂಡಿದ್ದೆ. ಸುಮ್ಮನೆ ನೋಡಲು ಬಂದವನು ಇದರಲ್ಲೂ ಮುಂದೆ ಹೋದ.”

“ಅದನ್ನೆಲ್ಲ ಅವನು ಕೇಳಿದ್ದನೇ?”

“ಇಲ್ಲ. ನಾನೇ ಕೊಟ್ಟೆ.”

“ಕೈ ಎತ್ತಿ ಕೊಟ್ಟೆಯೋ, ಹಲ್ಲು ಕಚ್ಚಿಕೊಂಡು ಕೊಟ್ಟೆಯೋ?”

ಪರಶಿವನ ಕಣ್ಣು ತುಂಬಿತು.

ಉತ್ತಯ್ಯ ಮೆಲ್ಲಗೆ ಅಂದರು: “ಮೊದಲ ದಿನ ಕಾರನ್ನೆಲ್ಲ ಖಾಲಿ ಮಾಡಿಸಿದೆ. ಇದೊಂದು ಒಳಗೇ ಉಳಿದಿತ್ತು. ನನಗೂ ಕಾಣಲಿಲ್ಲ.”

ಕೀಲಿಯನ್ನು ಎತ್ತಿ ಜೇಬಿಗೆ ಹಾಕಿಕೊಂಡರು. ಕಂಬದ ಮೊಳೆಯಲ್ಲಿ ಗಡ್ಡ ಹೆರೆಯುವ ಕನ್ನಡಿ ನೇತಾಡುತ್ತಿತ್ತು. ಅದನ್ನು ತೆಗೆದು ಅವನ ಕೈಗೆ ಕೊಟ್ಟರು. ಇನ್ನೊಂದು ಕೈಗೆ ಒಂದು ಕೊಡ.

“ಬದುವಿನ ಮೇಲೆ ನಡೆದುಹೋಗಿ ಹೊಳೆಯಿಂದ ನೀರು ತಾ. ಹೋಗುವಾಗ ಕನ್ನಡಿಯಲ್ಲಿ ನನ್ನನ್ನೇ ನೋಡುತ್ತಿರು. ನಾನು ಒಂದು ಗಳಿಗೆಯೂ ನಿನ್ನ ಕಣ್ಣಿಂದ ತಪ್ಪಬಾರದು.”

ಪರಶಿವ ಹೊರಟ. ಕನ್ನಡಿಯಲ್ಲಿ ಉತ್ತಯ್ಯ ಜಗುಲಿಯ ಮೇಲೆ ಕೂತಿದ್ದರು. ಎದ್ದು ಬರಲಿಲ್ಲ, ಅಲುಗಲೂ ಇಲ್ಲ. ಪರಶಿವ ನೋಡುತ್ತಲೇ ನಡೆದ. ಬದು ತಿರುಗಿತು, ಅವನು ತಿರುಗಲಿಲ್ಲ. ಮೊಣಕಾಲುದ್ದ ಕೆಸರಿಗೆ ಬಿದ್ದ. ಕೊಡ ಉರುಳಿಹೋಯಿತು. ಕನ್ನಡಿ ಮಾತ್ರ ಕೈಯಲ್ಲೇ ಇತ್ತು.

“ನಾನು ಕಾಣುತ್ತಿದ್ದೇನೆಯೇ?” ಎಂದು ಉತ್ತಯ್ಯ ಕೂಗಿ ಕೇಳಿದರು.

“ಕಾಣುತ್ತಿದ್ದೀರಿ!”

“ಹೊಳೆ?”

ಪರಶಿವ ತಲೆ ತಿರುಗಿಸಿದ. ಹೊಳೆ ಅವನ ಪಕ್ಕದಲ್ಲೇ ಹರಿಯುತ್ತಿತ್ತು.

ಅವನು ಕೆಸರು ತೊಳೆದು, ಕೊಡ ತುಂಬಿಕೊಂಡು ಬಂದ.

“ಕನ್ನಡಿ ಇರುವುದು ಹಿಂದೆ ಯಾರಿದ್ದಾರೆಂದು ಒಮ್ಮೆ ನೋಡಲಿಕ್ಕೆ,” ಎಂದರು ಉತ್ತಯ್ಯ. “ಅದರೊಳಗೆ ಸಂಸಾರ ಹೂಡಲಿಕ್ಕಲ್ಲ. ಕೀಲಿ ನನ್ನ ಹತ್ತಿರ ಇರಲಿ. ಬೇಕೆನಿಸಿದರೆ ಭಾನುವಾರ ಬಂದು ಕೇಳು.”

ವಾರವೆಲ್ಲ ಪರಶಿವ ಅಂಗಡಿಯಲ್ಲಿ ಸುಮ್ಮನೆ ಕೂತ. ತಟ್ಟೆ ತಿರುಗಿಸಲಿಲ್ಲ. ಭಾನುವಾರ ಬೆಳಿಗ್ಗೆ ಸ್ನಾನ ಮಾಡಿ, ಹಣೆಗೆ ವಿಭೂತಿ ಇಟ್ಟುಕೊಂಡು ಹೊರಟ. ಕೊಟ್ಟಿಗೆಯ ಬಾಗಿಲಲ್ಲಿ ನಿಂತು ಕೈ ಚಾಚಿದ. ಉತ್ತಯ್ಯ ಕೀಲಿ ಕೊಟ್ಟರು.

ಮಾದೇಶನ ಕಾರೂ ಬಂದಿತ್ತು. ಬಾಗಿಲು ಜಜ್ಜಿಹೋಗಿದ್ದರೂ ಓಡಲು ಅಡ್ಡಿಯಿರಲಿಲ್ಲ.

ಅಭ್ಯಾಸದ ಓಟ ಶುರುವಾಗಿ ಸ್ವಲ್ಪ ಹೊತ್ತಿಗೆ ಪರಶಿವ ಕನ್ನಡಿ ನೋಡಿದ. ಜಜ್ಜಿದ ಬಾಗಿಲು. ಮಾದೇಶ.

ಕೈ ಕಲ್ಲಿನಂತೆ ಭಾರವಾಯಿತು. ಹೆಲ್ಮೆಟ್ಟಿನೊಳಗೆ ತನ್ನ ಹಲ್ಲು ಕಟಕಟ ಎನ್ನುವುದು ಅವನಿಗೇ ಕೇಳಿಸಿತು. ಬಾಯಿ ತೆರೆದ. ಉಸಿರು ಬಿಟ್ಟ. ಕೈ ಕಿಟಕಿಯಿಂದ ಹೊರಗೆ ಹೋಯಿತು. ಬಲಗಡೆ ತೋರಿಸಿತು.

ಮಾದೇಶ ನಂಬಲಿಲ್ಲ. ಹಿಂದೆಯೇ ಉಳಿದ.

ಪರಶಿವ ಮತ್ತೆ ಕೈ ಬೀಸಿದ. ಊಟಕ್ಕೆ ಬಾರದ ಮಗುವನ್ನು ಕರೆದಂತೆ ಬೀಸಿದ. “ಹೋಗೋ, ಹೋಗೋ ಮಗನೇ!” ಎಂದು ಒಬ್ಬನೇ ಕೂಗಿದ.

ಮಾದೇಶ ಹಾರ್ನು ಹೊಡೆದು ದಾಟಿದ.

ಈಗ ಕನ್ನಡಿಯಲ್ಲಿ ಯಾರೂ ಇರಲಿಲ್ಲ. ಮುಂದೆ ದಾರಿ ಇತ್ತು. ತಾನು ಹೆದರಿ ಬ್ರೇಕು ಒತ್ತುತ್ತಿದ್ದ ಕಡೆ ತಮ್ಮ ಒತ್ತುತ್ತಿರಲಿಲ್ಲ. ತಿರುವಿನ ಹೊರ ಅಂಚಿನಿಂದ ಬಂದು ಒಳಗೆ ಇಳಿಯುತ್ತಿದ್ದ. ಪರಶಿವ ಅದನ್ನು ನೋಡಿದ. ಹೊಳೆಯ ಕಡೆಯ ತಿರುವಿನಲ್ಲಿ ತಾನೂ ಹಾಗೇ ಇಳಿಸಿದ. ಹೆಸರು ಹಿಡಿದು ಕರೆದಂತೆ ಕಾರು ತಿರುಗಿತು. ಬಾಯಿ ತುಂಬ ದೂಳು. ಆ ದೂಳಿನಲ್ಲೇ ಅವನಿಗೆ ನಗು ಬಂತು.

ಕಾರು ನಿಲ್ಲಿಸಿ ಇಳಿಯುವಷ್ಟರಲ್ಲಿ ಮಾದೇಶ ಓಡಿಬಂದ. “ಅಣ್ಣ, ನೀನು ಕೈ ಹೊರಗೆ ಹಾಕಿದ್ದು ನೋಡಿ ಕಾರಿನಲ್ಲಿ ಏನೋ ಕೆಟ್ಟಿದೆ ಅಂದುಕೊಂಡೆ!”

“ಕೆಟ್ಟಿತ್ತು ಕಣೋ,” ಎಂದ ಪರಶಿವ. “ನೀನು ಹೋಗಿ ಮೊಣಕೈಗೆ ಎಣ್ಣೆ ಹಚ್ಚಿಕೋ.”

ಆಮೇಲೆ ಚಪ್ಪಲಿ ಬಿಟ್ಟು ಕೊಟ್ಟಿಗೆಯೊಳಗೆ ಬಂದು ನೆಲದ ಮೇಲೆ ಕೂತ.

“ಗುರುಗಳೇ, ಅವನು ನನಗಿಂತ ಚುರುಕು.”

“ಹೌದು.”

“ನಾನು ಎಂದಿಗೂ ಅವನನ್ನು ದಾಟಲಾರೆನೇನೋ.”

“ದಾಟಲಾರೆ.”

“ಆದರೂ ಬರುವ ವಾರ ಬರುತ್ತೇನೆ.”

ಉತ್ತಯ್ಯ ಮಜ್ಜಿಗೆಯ ಲೋಟವನ್ನು ಅವನತ್ತ ಸರಿಸಿದರು.

“ಬಾ. ಇವತ್ತು ನಿನ್ನ ಕಾರಿನಲ್ಲಿ ಒಬ್ಬ ಕೂತಿದ್ದ. ಅವನನ್ನೂ ಮರೆಯದೆ ಕರೆದುಕೊಂಡು ಬಾ.”