ಹೊಂಬಾಳವ್ವ ಜೇನು ಹೊತ್ತು ತಂದದ್ದು

ಯಾವ ಅರಸು ಆಳುತ್ತಿದ್ದನೋ, ಯಾವ ಸಂವತ್ಸರವೋ, ನಮಗೆ ಹೇಳಿದವರಿಗೂ ಗೊತ್ತಿರಲಿಲ್ಲ. ಬಹಳ ಹಿಂದೆ, ಗುಡ್ಡದ ತಪ್ಪಲಲ್ಲಿ ಹುಣಿಸೆಮಾಳ ಅಂತ ಒಂದೂರು. ಆ ಊರಲ್ಲಿ ಹನ್ನೆರಡು ಮನೆಯವರು ಕೂಡಿ ಮಾಡಿದ ಒಂದು ತೋಟ. ಯುಗಾದಿ ಕಳೆದ ಮೂರನೇ ದಿನ ಮನೆಗೊಂದು ಬೊಗಸೆ ಬೀಜ, ಮನೆಗೊಂದು ಆಳು. ಕಾಯಿ ಬಿಟ್ಟಾಗ ವಾರಕ್ಕೊಮ್ಮೆ ಮನೆಗೊಂದು ಮಂಕರಿ ತರಕಾರಿ. ಹೆಚ್ಚು ಬೆಳೆದರೂ ಹನ್ನೆರಡು ಪಾಲು, ಕಡಿಮೆ ಬೆಳೆದರೂ ಹನ್ನೆರಡು ಪಾಲು. ಹಾಗೆ ನಡೆಯುತ್ತಿತ್ತಂತೆ.

ಆ ತೋಟದ ಯಜಮಾನಿಕೆ ಹೊಂಬಾಳವ್ವನದು. ಹನ್ನೊಂದು ಮನೆಯವರು ನೆಲ ಕೊಟ್ಟಿದ್ದರು, ಇವಳಿಗೆ ಕೊಡಲು ಅಂಗೈ ಅಗಲದ ಭೂಮಿಯೂ ಇರಲಿಲ್ಲ. ಗಂಡ ತೀರಿಕೊಂಡ ಮೇಲೆ ಬರಿಗೈಯಲ್ಲಿ ಬಂದವಳು. ಮೊದಲು ಕಳೆ ಕೀಳಲು ನಿಂತಳು, ಆಮೇಲೆ ಪಾತಿ ಕಟ್ಟಲು ನಿಂತಳು, ಕೊನೆಗೆ ಇಡೀ ತೋಟವೇ ಅವಳ ಮಾತಿಗೆ ನಿಂತಿತು. ಹನ್ನೆರಡನೆಯ ಪಾಲು ಅವಳ ಬೆವರಿಗೆ ಬಂದದ್ದು. ಬಲು ಹಟದ ಹೆಂಗಸು. ಅವಳು ಹೊಡೆದ ಸಾಲು ಓರೆಯಾದರೆ ಊರೇ ಓರೆಯಾಗಿ ನಡೆಯಬೇಕಿತ್ತಂತೆ.

ತೋಟದ ನಡುವೆ ಒಂದು ಹಳೆಯ ಹುಣಿಸೆಮರ, ಅದರ ಪೊಟರೆಯಲ್ಲಿ ತುಡುವೆ ಜೇನು. ಒಂದು ವೈಶಾಖದಲ್ಲಿ ಹೊಂಬಾಳವ್ವ ನೋಡುತ್ತಾಳೆ, ಬೆಳಗಾದರೆ ಸಾಕು, ಜೇನುಹುಳಗಳು ಕುಂಬಳದ ಹೂವಿಗೆ ಇಳಿದು ತಲೆ ಒಳಗಿಟ್ಟು ಹೀರುತ್ತಿವೆ. ಅವಳು ಹಸು ಕರೆದವಳು. ಕರು ಕುಡಿದಷ್ಟೂ ಕರೆಯುವವರಿಗೆ ಕಡಿಮೆ ಅಂತ ಬಲ್ಲವಳು. ಹೂವಿನ ಸತ್ವವನ್ನೆಲ್ಲ ಇವೇ ಕುಡಿದರೆ ಕಾಯಿಗೆ ಏನು ಮಿಗುತ್ತದೆ ಅಂತ ಲೆಕ್ಕ ಹಾಕಿದಳು.

ಊರಿಗೆ ಹಿರಿಯನಾದ ಸಿದ್ದಮಲ್ಲಜ್ಜ, "ಬ್ಯಾಡ ಕನವ್ವ, ನಮ್ಮಪ್ಪನ ಕಾಲದಿಂದ ಅವೆ," ಅಂದ.

"ನಿಮ್ಮಪ್ಪನ ಕಾಲದಿಂದ ತಿಗಣೆನೂ ಅವೆ. ಹಾಲು ಎರೆದು ಸಾಕೀಯಾ?" ಅಂದಳಂತೆ ಹೊಂಬಾಳವ್ವ.

ಅವಳೇ ಹುಲ್ಲಿನ ಸೂಡಿ ಹಚ್ಚಿ, ಅವಳೇ ಪೊಟರೆಗೆ ಹಿಡಿದಳು. ಹುಳ ಸುಟ್ಟವು, ಮರಿ ಸುಟ್ಟವು, ಉಳಿದವು ದಿಕ್ಕೆಟ್ಟು ಹಾರಿದವು. ಊರೆಲ್ಲ ಜೇನುತುಪ್ಪ ನೆಕ್ಕಿತು.

ಮರುವರ್ಷದ ಚೈತ್ರ ಬಂತು. ಬೀಜ ಹುಟ್ಟಿತು, ಬಳ್ಳಿ ಹಬ್ಬಿತು, ಹೂವು ಅಂದರೆ ಹೂವು. ಆದರೆ ಕುಂಬಳದ ಹೀಚು ಹಳದಿಯಾಗಿ ಉದುರಿತು, ಹೀರೆಯ ಹೀಚು ಉದುರಿತು, ಸೌತೆಯದೂ ಉದುರಿತು. ದೃಷ್ಟಿ ಅಂತ ಬೇಲಿಗೆ ಹಳೇ ಮೆಟ್ಟು ಕಟ್ಟಿದರು. ಆದರೂ ಉದುರಿತು.

"ಏನ್ ಹೊಂಬಾಳಕ್ಕ, ಈ ವಾರ ಮಂಕರಿಗೆ ಹೂವನ್ನೇ ತುಂಬೀಯಾ? ಮುಡ್ಕಳಾಕೆ ನಮ್ಮನೇಲಿ ಅಷ್ಟು ತಲೆ ಇಲ್ವಲ್ಲ," ಅಂತ ನೆರೆಮನೆಯ ದುಂಡಮ್ಮ ನಕ್ಕಳು.

ಹನ್ನೊಂದು ಮನೆಯವರು ಕೂತು ತೀರ್ಮಾನ ಮಾಡಿದರು. ಇನ್ನು ಹದಿನೈದು ದಿನದಲ್ಲಿ ಹೀಚು ನಿಲ್ಲದಿದ್ದರೆ ಬೇಲಿ ಕಿತ್ತು, ಅವರವರ ನೆಲ ಅವರವರು ತೆಗೆದುಕೊಳ್ಳುವುದು. ಹಾಗೆ ಹಂಚಿದರೆ ಹೊಂಬಾಳವ್ವನಿಗೆ ನಿಲ್ಲಲು ಒಂದು ಬದುವೂ ಉಳಿಯುವುದಿಲ್ಲ. ಅದು ಎಲ್ಲರಿಗೂ ಗೊತ್ತಿತ್ತು, ಅವಳಿಗೆ ಎಲ್ಲರಿಗಿಂತ ಚೆನ್ನಾಗಿ ಗೊತ್ತಿತ್ತು.

ಅವಳು ಯಾರನ್ನೂ ಬೇಡಲಿಲ್ಲ. ಬೆಳಗಿನ ಜಾವವೇ ಹೋಗಿ ಕುಂಬಳದ ಬಳ್ಳಿಯ ಮುಂದೆ ಕೂತಳು. ಹೂ ಅರಳುವುದನ್ನು ನೋಡಿದಳು, ಬಿಸಿಲೇರಿ ಮುದುಡುವುದನ್ನು ನೋಡಿದಳು. ಮೂರು ದಿನ ಏನೂ ಕಾಣಲಿಲ್ಲ. ನಾಲ್ಕನೆಯ ದಿನ ಗುಡ್ಡದ ಕಡೆಯಿಂದ ಒಂದೇ ಒಂದು ಜೇನು ಬಂತಂತೆ. ಗಂಡುಹೂವಿನಲ್ಲಿ ಹೊರಳಾಡಿ ಮೈಯೆಲ್ಲ ಹಳದಿ ಮಾಡಿಕೊಂಡು, ಬುಡದಲ್ಲಿ ಹೀಚಿದ್ದ ಹೂವಿನೊಳಗೆ ಹೋಯಿತು, ಬಂತು, ಹಾರಿತು. ಹೊಂಬಾಳವ್ವ ಸೆರಗಿನ ನೂಲು ಎಳೆದು ಆ ಹೂವಿಗೆ ಗುರುತು ಕಟ್ಟಿದಳು.

ಐದು ದಿನಕ್ಕೆ ಬಳ್ಳಿಯ ಹೀಚೆಲ್ಲ ಉದುರಿ, ನೂಲು ಕಟ್ಟಿದ್ದು ಮಾತ್ರ ನಿಂಬೆಗಾತ್ರ ಆಗಿತ್ತು.

ಹೊಂಬಾಳವ್ವ ಅಲ್ಲೇ ಕೂತುಬಿಟ್ಟಳು. ಈ ನೂಲನ್ನು ಬಿಚ್ಚಿ ಎಸೆದರೆ ಯಾರಿಗೂ ಗೊತ್ತಾಗುವುದಿಲ್ಲ. ದೃಷ್ಟಿಯೇ ಅನ್ನಬಹುದು, ಗಾಳಿ ಅನ್ನಬಹುದು. ಸೂಡಿ ಹಿಡಿದಿದ್ದ ಕೈಯನ್ನು ಅವಳು ಬಹಳ ಹೊತ್ತು ನೋಡಿಕೊಂಡಳಂತೆ. ಆಮೇಲೆ ಎದ್ದು ನೆಟ್ಟಗೆ ಊರವರು ಕೂತಿದ್ದ ಅರಳಿಕಟ್ಟೆಗೆ ಹೋದಳು.

"ತೋಟ ಕೆಡಿಸ್ದೋಳು ನಾನೇ ಕನ್ರಪ್ಪ. ಜೇನು ಕುಡಿಯಾದಲ್ಲ, ಕಾಯಿ ಕಟ್ಸಾದು. ತಪ್ಪು ನಂದು," ಅಂದಳು.

ಆ ಮಾತು ಆ ಬಾಯಿಂದ ಬಂದದ್ದು ಅದೇ ಮೊದಲು. ಸಿದ್ದಮಲ್ಲಜ್ಜ, "ಇನ್ನೊಂದು ಸಲ ಹೇಳವ್ವ, ಈ ಕಿವಿ ಸರಿಯಾಗಿ ಕೇಳಾಕಿಲ್ಲ," ಅಂದ. ಎಲ್ಲರೂ ನಕ್ಕರು, ಅವಳೂ ನಕ್ಕಳು. ಇನ್ನೊಂದು ಸಲ ಹೇಳಿದಳು.

ಮಾರನೆಯ ದಿನ ಗಡಿಗೆಯ ಒಳಗೆಲ್ಲ ಜೇನುಮೇಣ ಸವರಿಕೊಂಡು ಗುಡ್ಡ ಹತ್ತಿದಳು. ಒಂದು ಹುತ್ತದಲ್ಲಿ ಜೇನು ಕಂಡಳು. ಬೆಂಕಿ ಮುಟ್ಟಿಸಲಿಲ್ಲ. ಮರಿಯಿದ್ದ ಮೇಣದ ಎರಿಗಳನ್ನು ಮೆಲ್ಲಗೆ ಬಿಡಿಸಿ, ಬಾಳೆಯ ನಾರಿನಲ್ಲಿ ಕಡ್ಡಿಗೆ ಕಟ್ಟಿ ಗಡಿಗೆಯೊಳಗೆ ಇಳಿಬಿಟ್ಟಳು. ರಾಣಿಯನ್ನು ಹುಡುಕಿ ಒಳಗೆ ಬಿಟ್ಟಳು. ರಾಣಿ ಹೋದ ಮೇಲೆ ಹುಳವೆಲ್ಲ ಸಾಲು ಹಿಡಿದು ಹೋದವು. ಗಾಡಿಯಲ್ಲಿ ತಂದರೆ ಕುಲುಕಿ ಎರಿ ಕಳಚುತ್ತದೆ ಅಂತ, ಬಾಯಿಗೆ ತೆಳುಬಟ್ಟೆ ಕಟ್ಟಿ ತಲೆ ಮೇಲೆ ಹೊತ್ತಳು. ಮೂರು ಹರಿದಾರಿ ನಡೆದಳು.

ದಾರಿಯಲ್ಲಿ ಬಟ್ಟೆ ಸಡಿಲಿತಂತೆ. ಹುಳ ಹೊರಬಂದು ಮುಖದ ಮೇಲೆ ಕೂತವಂತೆ. ನಮ್ಮಜ್ಜಿ ಹೇಳುವಾಗ ಹತ್ತು ಕಡಿದವು ಅನ್ನುತ್ತಿದ್ದಳು, ನಮ್ಮವ್ವನ ಬಾಯಲ್ಲಿ ಅದು ನೂರಾಯಿತು. ಈಗಿನವರು ಒಂದೂ ಕಡಿಯಲಿಲ್ಲ, ಹುಳದ ಮುಸುಕು ಹಾಕಿದ ಹಾಗೆ ಬಂದಳು ಅನ್ನುತ್ತಾರೆ. ಏನೇ ಇರಲಿ, ಕಣ್ಣಿಗೆ ದಾರಿ ಕಾಣದಿದ್ದರೂ ಗಡಿಗೆ ಅಲುಗಲಿಲ್ಲ ಅನ್ನುವುದನ್ನು ಮಾತ್ರ ಎಲ್ಲರೂ ಒಪ್ಪುತ್ತಾರೆ.

ಗಡಿಗೆಯನ್ನು ಹುಣಿಸೆಮರದ ಕವಲಿನಲ್ಲಿ ಕೂರಿಸಿದಳು. ಹದಿನೈದನೆಯ ದಿನ ಹನ್ನೊಂದು ಮನೆಯವರು ಗುದ್ದಲಿ, ಮಚ್ಚು ಹಿಡಿದು ಬಂದರು. ತೋಟದ ತುಂಬ ಗುಂಯ್ ಅನ್ನುವ ಸದ್ದು. ದುಂಡಮ್ಮ ಬಗ್ಗಿ ಎಲೆ ಸರಿಸಿದಳು. ಹೀಚು ಹಸಿರಾಗಿತ್ತು. ಇನ್ನೊಂದು ಎಲೆ ಸರಿಸಿದಳು, ಅದೂ ಹಸಿರು. ಬೇಲಿ ಕೀಳಲು ಬಂದವರು ಸಡಿಲಾಗಿದ್ದ ಗೂಟಗಳನ್ನು ಗುದ್ದಿ, ಬೇಲಿ ಬಿಗಿ ಮಾಡಿ ಹೋದರಂತೆ.

ಹೊಂಬಾಳವ್ವ ಹೋಗಿ ಎಷ್ಟು ಕಾಲವಾಯಿತೋ. ಆ ತೋಟ ಈಗಲೂ ಇದೆ. ಯುಗಾದಿಯ ಮೂರನೇ ದಿನ ಎಲ್ಲರೂ ಪಾತಿಯ ಸುತ್ತ ಸೇರುತ್ತಾರೆ. ಬೀಜ ಊರುವ ಮುಂಚೆ ಒಬ್ಬೊಬ್ಬರೂ ಹೋದ ವರ್ಷ ತೋಟದಲ್ಲಿ ತಾವು ಮಾಡಿದ ಒಂದು ತಪ್ಪನ್ನು ಗಟ್ಟಿಯಾಗಿ ಹೇಳಬೇಕು. ನೀರು ಕಟ್ಟದೆ ಮಲಗಿದ್ದೆ ಅನ್ನುತ್ತಾನೆ ಒಬ್ಬ, ಎಳೆ ಸೌತೆ ಕದ್ದು ತಿಂದೆ ಅನ್ನುತ್ತಾಳೆ ಒಬ್ಬಳು. ಉಳಿದವರು ನಗುತ್ತಾರೆ, ಬೀಜ ಕೊಡುತ್ತಾರೆ. ನಂದೇನೂ ತಪ್ಪಿಲ್ಲ ಅಂದವರ ಕೈಗೆ ಆ ದಿನ ಬೀಜ ಕೊಡುವುದಿಲ್ಲ. ಅವರು ಬದುವಿನ ಮೇಲೆ ಕೂತು ಯೋಚನೆ ಮಾಡುತ್ತಾರೆ. ನೆನಪಾದ ಮೇಲೆ ಎದ್ದು ಬರುತ್ತಾರೆ.